ಎಡಗಾಲಿಗೆ ಕೆಲಸವಿಲ್ಲದ ಕಾರು

ನಮ್ಮ ಯಜಮಾನರ ಹೆಸರು ಚನ್ನಬಸಪ್ಪ. ಅವರಿದ್ದಾಗ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಈಗ ಬರೆಯುತ್ತಿದ್ದೇನೆ. ಅವರು ಹೋಗಿ ಎಂಟು ತಿಂಗಳಾಯಿತು. ಎದೆ ನೋವು ಅಂದರು, ಅರ್ಧ ಗಂಟೆಯಲ್ಲಿ ಮುಗಿಯಿತು. ಅದರ ಬಗ್ಗೆ ಬರೆಯಲು ಅಷ್ಟೇ ಇರುವುದು.

ಶಿವನಿ ರೈಲ್ವೆ ಸ್ಟೇಷನ್ನಿನ ಹೊರಗೆ ಅವರು ಮೂವತ್ತು ವರ್ಷ ಬಾಡಿಗೆ ಕಾರು ಓಡಿಸಿದರು. ರೈಲು ಇಳಿದವರನ್ನು ಅಜ್ಜಂಪುರಕ್ಕೋ ತರೀಕೆರೆಗೋ ಸುತ್ತಲ ಹಳ್ಳಿಗೋ ಬಿಟ್ಟು ಬರುವ ಕೆಲಸ. ಹೊಲ ಇತ್ತು, ತೆಂಗಿನ ತೋಟ ಸ್ವಲ್ಪ ಇತ್ತು. ಅದನ್ನೆಲ್ಲ ನಾನು ನೋಡಿಕೊಂಡೆ. ಅವರಿಗೆ ಮಣ್ಣಿಗಿಂತ ಟಾರು ರೋಡು ಇಷ್ಟ.

ನಿದ್ದೆಯಲ್ಲೂ ಕಾರು ಓಡಿಸುತ್ತಿದ್ದರು. ಕೈ ಸುಮ್ಮನಿರುತ್ತಿತ್ತು, ಎಡಗಾಲು ಮಾತ್ರ ಕ್ಲಚ್ ಒತ್ತುತ್ತಿತ್ತು. ಒತ್ತುವುದು ನನ್ನ ಮೊಣಕಾಲಿಗೆ. ಘಾಟಿ ರಸ್ತೆಗೆ ಬಾಡಿಗೆ ಹೋಗಿ ಬಂದ ದಿನ ನನಗೆ ಹತ್ತಿಪ್ಪತ್ತು ಒದೆ ಗ್ಯಾರಂಟಿ. ಬೆಳಿಗ್ಗೆ ಬೈದರೆ, "ನಿನ್ನೆ ಗೇರ್ ಜಾಸ್ತಿ ಬಿತ್ತು ಕಣೇ" ಅನ್ನುತ್ತಿದ್ದರು. ಈಗ ಮಂಚದಲ್ಲಿ ಒದೆಯುವವರಿಲ್ಲ. ನನಗೆ ನಿದ್ದೆ ಬರುವುದಿಲ್ಲ.

ಆ ಎಡಗಾಲಿನದೇ ಕಥೆ ಇದು.

ನಾಲ್ಕು ವರ್ಷದ ಹಿಂದೆ ನಮ್ಮ ಹಸು ಕೆಂಪಿ ಅವರಿಗೆ ಒದ್ದಿತು. ಹಾಲು ಕರೆಯುವುದು ನನ್ನ ಕೆಲಸ. ಅವತ್ತು ನನಗೆ ಜ್ವರ. ಒದೆಯುವ ಹಸು, ಹಿಂಗಾಲಿಗೆ ಹಗ್ಗ ಹಾಕಿ ಕೂತ್ಕೊಳ್ಳಿ ಅಂತ ಒಳಗಿನಿಂದ ಕೂಗಿದೆ. "ಮೂವತ್ತು ಜನನ ಹೇರ್ಕೊಂಡು ಹೋಗೋ ಬಸ್ಸಿಗೇ ಸೈಡ್ ಕೊಡದವ್ನು ನಾನು, ಹಸೂಗೆ ಹೆದರ್ತೀನಾ" ಅಂದರು. ಮುಂದಿನ ಸದ್ದು ಚೊಂಬು ಉರುಳಿದ್ದು. ಅದರ ಮುಂದಿನದು ಇವರು ಉರುಳಿದ್ದು. ಮಂಡಿಯ ಮೂಳೆ ಮುರಿದಿತ್ತು.

ಎರಡು ತಿಂಗಳು ಪಟ್ಟಿ. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಕಾಲನ್ನು ಮಡಚಿ ನೋಡಿ, "ನಡೀಬಹುದು. ಬಲಗಾಲು ಚೆನ್ನಾಗಿದೆ. ಆದರೆ ಎಡಗಾಲಲ್ಲಿ ದಿನಕ್ಕೆ ನೂರು ಸಲ ಕ್ಲಚ್ ಒತ್ತೋದು ಇನ್ನು ಆಗಲ್ಲ" ಅಂದರು.

"ನೂರು ಸಲ ಒತ್ತಲ್ಲ ಸಾರ್," ಅಂದರು ಇವರು.

"ಒಳ್ಳೇದು."

"ಐನೂರು ಸಲ ಒತ್ತಬೇಕು."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆ ಕಡೆ ನೋಡಿದೆ.

ಮನೆಯಲ್ಲಿ ಕೂರಬಹುದಿತ್ತು. ಕೂರುವ ಜಾತಿಯಲ್ಲ. ಅದಕ್ಕಿಂತ ದೊಡ್ಡದು, ಸ್ಟೇಷನ್ನಿನ ಜಾಗ ಹೋಗುತ್ತಿತ್ತು. ಅಲ್ಲಿ ಹೊಂಗೆ ಮರದ ಕೆಳಗೆ ಐದು ಕಾರು ನಿಲ್ಲುತ್ತವೆ. ಐದೇ. ಪ್ರತಿ ಅಮಾವಾಸ್ಯೆ ಐದೂ ಜನ ಸಾಲಾಗಿ ಕಾರು ನಿಲ್ಲಿಸಿ ಪೂಜೆ ಮಾಡುತ್ತಾರೆ. ಒಬ್ಬನ ಕಾರು ಸಾಲಾಗಿ ಮೂರು ಅಮಾವಾಸ್ಯೆ ಪೂಜೆಗೆ ಬರದಿದ್ದರೆ ಅವನ ಜಾಗ ಬೇರೆಯವರಿಗೆ. ಮದುವೆ ಕಾಲದಲ್ಲಿ ಬಂದು ದುಡಿದುಕೊಂಡು ಮಾಯವಾಗುವವರಿಗೆ ಬುದ್ಧಿ ಕಲಿಸಲು ಮಾಡಿದ ನಿಯಮ. ಮಾಡಿದವರು ಇವರೇ. ಎರಡು ಅಮಾವಾಸ್ಯೆ ಆಗಲೇ ಮಂಚದ ಮೇಲೆ ಕಳೆದಿತ್ತು. ಮೂರನೆಯದಕ್ಕೆ ಇಪ್ಪತ್ತೆಂಟು ದಿನ.

ಆ ಜಾಗಕ್ಕೆ ಕಾಯುತ್ತಿದ್ದವನು ದುಶ್ಯಂತ್. ಚಿಕ್ಕ ವಯಸ್ಸು, ಹೊಸ ಕಾರು. ಮರದ ನೆರಳಿನ ಆಚೆ ಬಿಸಿಲಲ್ಲಿ ನಿಲ್ಲಿಸಿಕೊಂಡು ಎರಡು ವರ್ಷದಿಂದ ಕಾದಿದ್ದ. ಕೆಟ್ಟವನಲ್ಲ. ಇವರನ್ನು ನೋಡಲು ಮೋಸಂಬಿ ತಂದಿದ್ದ.

"ಆರಾಮಾಗಿ ರೆಸ್ಟ್ ತಗೊಳ್ಳಿ ಅಣ್ಣ. ಅವಸರ ಏನಿಲ್ಲ."

"ನಂಗೇನೂ ಅವಸರ ಇಲ್ಲ ಕಣಪ್ಪಾ. ಅಮಾವಾಸ್ಯೆಗೈತೆ," ಅಂದರು ಇವರು. ಮೋಸಂಬಿ ಮಾತ್ರ ಎಲ್ಲಾ ತಿಂದರು.

ಮಾರನೇ ದಿನವೇ ಹಳೇ ಕಾರಿನಲ್ಲಿ ಕೂತರು. ಕಾಲಿನ ಬದಲು ಊರುಗೋಲಲ್ಲಿ ಕ್ಲಚ್ ಒತ್ತುವುದು ಅವರ ಉಪಾಯ. ಎಡಗೈ ಕೋಲು ಹಿಡಿದರೆ ಗೇರ್ ಹಾಕುವವರು ಯಾರು? ನಾನು. ಪಕ್ಕದಲ್ಲಿ ಕೂರಿಸಿ ಗೇರಿನ ಹಿಡಿ ಕೈಗೆ ಕೊಟ್ಟರು. "ಮುಂದಕ್ಕೆ ಅಂದ್ರೆ ಮುಂದಕ್ಕೆ ತಳ್ಳು, ಹಿಂದಕ್ಕೆ ಅಂದ್ರೆ ಹಿಂದಕ್ಕೆ ಎಳಿ." ಐದನೇ ಕ್ಲಾಸು ಓದಿದ ನನಗೆ ಅಷ್ಟು ಗೊತ್ತಾಗುತ್ತದೆ. ಮುಂದಕ್ಕೆ ಅಂದರು, ತಳ್ಳಿದೆ. ಕೋಲು ಜಾರಿತು. ಕಾರು ಎಗರಿ ನಮ್ಮ ರಾಗಿ ಹುಲ್ಲಿನ ಮೆದೆಗೆ ನುಗ್ಗಿತು. ಅರ್ಧ ಮೆದೆ ನಮ್ಮ ಮೇಲೆ.

ಹುಲ್ಲಿನೊಳಗಿಂದ ಅವರ ಮಾತು ಕೇಳಿತು. "ಗೇರ್ ನೀನು ಸರಿಯಾಗೇ ಹಾಕ್ದೆ ಕಣೇ. ತಪ್ಪು ಕೋಲಿಂದು."

ಮದುವೆಯಾದ ಮೇಲೆ ನನ್ನನ್ನು ಹೊಗಳಿದ್ದು ಅದು ಎರಡನೇ ಸಲವೋ ಮೂರನೇ ಸಲವೋ.

ಕ್ಲಚ್ ಇಲ್ಲದ ಕಾರೇ ಬೇಕು ಅಂತ ಆಯಿತು. ತರೀಕೆರೆಗೆ ಹೋದೆವು. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ತೀರ್ಥೇಶನ ಶೆಡ್ಡು. ನಮ್ಮ ಹಳೇ ಕಾರಿನ ಹೊಟ್ಟೆಯೊಳಗಿನ ಪ್ರತಿ ನಟ್ಟೂ ಗೊತ್ತಿದ್ದ ಮೆಕ್ಯಾನಿಕ್ ಅವನು. ಬಸ್ಸಿನಲ್ಲಿ ನನಗೆ ಎಂದಿನಂತೆ ವಾಂತಿ. ಯಾವ ಗಾಡಿ ಹತ್ತಿದರೂ ನನಗೆ ಹಾಗೆ. ಇವರು ಓಡಿಸಿದರೆ ಮಾತ್ರ ಆಗುತ್ತಿರಲಿಲ್ಲ.

ತೀರ್ಥೇಶ ಕೈ ಒರೆಸಿಕೊಂಡು ಹೇಳಿದ. "ಆಟೋಮ್ಯಾಟಿಕ್ ಅಂದ್ರೆ ಒಂದೇ ಅಲ್ಲ ಅಣ್ಣ. ಸಣ್ಣ ಕಾರಲ್ಲೇ ಮೂರು ಥರ ಅವೆ. ಒಂದು ಏಎಂಟಿ. ನಮ್ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತೋದು, ಗೇರ್ ಹಾಕೋದು ಮೋಟ್ರು ಮಾಡುತ್ತೆ. ಇನ್ನೊಂದು ಸಿವಿಟಿ. ಅದ್ರಲ್ಲಿ ಗೇರೇ ಇಲ್ಲ. ಹಿಟ್ಟಿನ ಮಿಲ್ಲಿನ ಥರ ಎರಡು ಚಕ್ರ, ಒಂದು ಬೆಲ್ಟು. ಚಕ್ರ ದೊಡ್ಡದು ಚಿಕ್ಕದು ಆಗ್ತಾ ಹೋಗುತ್ತೆ, ಸ್ಪೀಡು ಬದಲಾಗುತ್ತೆ. ಮೂರನೇದು ಆಯಿಲ್ಲಿಂದು. ಎದುರುಬದುರು ಎರಡು ಫ್ಯಾನ್ ಇಟ್ಟು ಒಂದನ್ನ ಹಾಕಿದ್ರೆ, ಆ ಗಾಳಿಗೆ ಇನ್ನೊಂದೂ ತಿರುಗಲ್ವಾ? ಹಂಗೇ. ಗಾಳಿ ಬದಲು ಆಯಿಲ್ಲು."

"ಅಷ್ಟೇನಾ?"

"ನಾಲ್ಕನೇದೂ ಐತೆ. ಎರಡು ಕ್ಲಚ್ಚಿಂದು."

"ಒಂದ್ ಕ್ಲಚ್ಚಿಗೇ ಕಾಲು ಹೋಗೈತೆ ಕಣೋ. ಅದನ್ನ ಅಲ್ಲೇ ಬಿಡು."

"ಮೂರನ್ನೂ ಓಡಿಸಿ ನೋಡಿ," ಅಂದ ತೀರ್ಥೇಶ. "ಯಾರ್ಯಾರ ಹತ್ರ ಐತೆ ಅಂತ ನಾನು ಹೇಳ್ತೀನಿ."

ಇವರು ನನ್ನ ಕಡೆ ತಿರುಗಿದರು. "ಓಡಿಸೋದು ನಾನು. ನೋಡೋದು ಇವಳು. ಇವಳ ಹೊಟ್ಟೆ ತಡೆದ್ರೆ ಯಾವ ಪ್ಯಾಸೆಂಜರ್ ಹೊಟ್ಟೆನೂ ತಡೆಯುತ್ತೆ."

ಹೀಗೆ ನನ್ನ ಹೊಟ್ಟೆ ಮೀಟರ್ ಆಯಿತು. ಪ್ರತಿ ಕಾರು ಹತ್ತುವ ಮೊದಲೂ ನಾನು ಒಂದು ರಾಗಿ ಮುದ್ದೆ, ಸೊಪ್ಪಿನ ಸಾರು ಉಣ್ಣಬೇಕು. ಖಾಲಿ ಹೊಟ್ಟೆಯ ಪರೀಕ್ಷೆ ಅವರಿಗೆ ಒಪ್ಪಿಗೆಯಿಲ್ಲ.

ಮೊದಲನೆಯದು ಅಜ್ಜಂಪುರದ ಚಂದ್ರಕುಮಾರ್ ಮೇಷ್ಟ್ರ ಕಾರು. ಏಎಂಟಿ. ಮೇಷ್ಟ್ರು ಸ್ಟೀರಿಂಗ್ ಬಿಟ್ಟುಕೊಡಲಿಲ್ಲ, ತಾವೇ ಓಡಿಸಿದರು. ಒಂದೊಂದು ಗೇರು ಬದಲಾದಾಗಲೂ ಕಾರು ಒಂದು ಗಳಿಗೆ ಉಸಿರು ಹಿಡಿಯುತ್ತಿತ್ತು. ನಮ್ಮ ತಲೆ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತಿತ್ತು. ಭಾಷಣ ಕೇಳುತ್ತಾ ತೂಕಡಿಸುವವರ ಹಾಗೆ ಮೂರೂ ಜನ ತಲೆ ತೂಗಿಕೊಂಡು ಹೋದೆವು. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಹಳಿ ಎತ್ತರದಲ್ಲಿ, ನಾವು ಏರಿನಲ್ಲಿ. ಗೇಟು ತೆಗೆದಾಗ ಮೇಷ್ಟ್ರು ಬ್ರೇಕಿನಿಂದ ಕಾಲು ತೆಗೆದರು, ಕಾರು ಹಿಂದಕ್ಕೆ ಜಾರಿತು. ಹಿಂದಿದ್ದ ಟ್ರ್ಯಾಕ್ಟರಿನವನು ನಮ್ಮೆಲ್ಲರ ಅಮ್ಮಂದಿರನ್ನು ನೆನೆದ. ಮುದ್ದೆ ಅಲ್ಲೇ ಹೊರಗೆ ಬಂತು. ಕಾರಿನೊಳಗಲ್ಲ. ಮೇಷ್ಟ್ರು ಅಷ್ಟಕ್ಕೆ ಸಮಾಧಾನಪಟ್ಟರು.

ಎರಡನೆಯದು ತರೀಕೆರೆಯಲ್ಲಿ ಬ್ಯಾಂಕಿನಲ್ಲಿದ್ದ ಶರ್ಮಿಳಾ ಮೇಡಂ ಕಾರು. ಬೆಲ್ಟಿನದು. ಇವರೇ ಓಡಿಸಿ, ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ ಕಡೆ ಏರು ಹತ್ತಿಸಿದರು. ನುಣ್ಣಗೆ ಹೋಯಿತು. ಗೇರು ಬಿದ್ದದ್ದೇ ಗೊತ್ತಾಗಲಿಲ್ಲ, ಬೀಳುವುದಕ್ಕೆ ಗೇರೇ ಇಲ್ಲವಲ್ಲ. ಆದರೆ ಆಕ್ಸಿಲೇಟರ್ ಜೋರಾಗಿ ಒತ್ತಿದರೆ ಇಂಜಿನ್ನಿನ ಕೂಗು ಮೊದಲು, ಓಟ ಆಮೇಲೆ. ಮುದ್ದೆ ಒಳಗೇ ಉಳಿಯಿತು. ನನಗೆ ಇದು ಹಿಡಿಸಿತು.

ಇವರು ಮೇಡಮ್ಮನ್ನು ಕೇಳಿದರು. "ನಾಲ್ಕು ಜನ, ಮೇಲೆ ಎರಡು ಮೂಟೆ ತೆಂಗಿನಕಾಯಿ ಹಾಕಿ ಒಂದ್ಸಲ ಹತ್ತಿಸೋಣ್ವಾ ಮೇಡಂ?"

"ಮೂಟೆನಾ? ನನ್ನ ಕಾರಿಗಾ?" ಮೇಡಂ ಬೀಗದ ಕೈ ವಾಪಸ್ ತೆಗೆದುಕೊಂಡರು.

ಬರುವಾಗ ಶೆಡ್ಡಿಗೆ ಹೋಗಿ ಕೇಳಿದರೆ ತೀರ್ಥೇಶ ತಲೆ ಆಡಿಸಿದ. "ದಿನಾ ಲೋಡು ಹಾಕಿ ಏರು ಹತ್ತಿಸಿದ್ರೆ ಅದಕ್ಕೆ ಕಷ್ಟ ಅಣ್ಣ. ಬೆಲ್ಟು ಹೋದ್ರೆ ನನ್ ಕೈಲಿ ರಿಪೇರಿ ಆಗಲ್ಲ."

ಮೂರನೆಯದು ಕಡೂರಿನ ಜವರಯ್ಯನವರದು. ರೈಲ್ವೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಕಾರೂ ಅವರಷ್ಟೇ ಹಳೆಯದು. ಆಯಿಲ್ಲಿನದು. ಅದರಲ್ಲಿ ಕೂತದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ನಿದ್ದೆ ಬಂದುಬಿಟ್ಟಿತ್ತು. ತೊಟ್ಟಿಲು. ಇವರು ಏರಿನಲ್ಲಿ ನಿಲ್ಲಿಸಿದರೂ ಹಿಂದಕ್ಕೆ ಒಂದು ಬೆರಳು ಜಾರಲಿಲ್ಲವಂತೆ. ಎದ್ದಾಗ ಪೆಟ್ರೋಲ್ ಬಂಕಿನಲ್ಲಿದ್ದೆವು.

"ನಾನು ವಾರಕ್ಕೊಂದ್ಸಲ ಹೊರಗೆ ತೆಗೀತೀನಿ, ವಿಹಾರಕ್ಕೆ ಹೋಗಿ ಬರ್ತೀನಿ, ಮುಗೀತು," ಅಂದರು ಜವರಯ್ಯನವರು. "ನೀವು ದಿನಾ ಓಡಿಸಿದ್ರೆ ಇದು ತೋಟನೇ ಕುಡಿದುಬಿಡುತ್ತೆ ಚನ್ನಬಸಪ್ಪಾರೇ."

ಮನೆಗೆ ಬಂದ ಮೇಲೆ ನಾನು ಹೇಳಿದೆ, ಬೇಕಾದರೆ ಮೂರನೆಯದು, ಇಲ್ಲದಿದ್ದರೆ ಎರಡನೆಯದು. ಇವರು ಮೊದಲನೆಯದು ಅಂದರು.

"ವಾಂತಿ ಮಾಡ್ಸಿದ್ದೇ ಬೇಕೇನ್ರೀ? ಮತ್ತೆ ನನಗ್ಯಾಕೆ ಮೂರು ದಿನ ಮುದ್ದೆ ತಿನ್ನಿಸಿ ಕುಣಿಸಿದ್ರಿ?"

"ಕೋಪ ಮಾಡ್ಕೋಬೇಡ ಕಣೇ, ಕೇಳಿಲ್ಲಿ. ಅದ್ರೊಳಗಿರೋದು ನಂದೇ ಗೇರ್‌ಬಾಕ್ಸು. ಅದೇ ಕ್ಲಚ್ಚು. ಕೆಟ್ರೆ ತೀರ್ಥೇಶ ಬಿಚ್ಚಿ ಹಾಕ್ತಾನೆ. ಪೆಟ್ರೋಲು ನಮ್ ಹಳೇದರಷ್ಟೇ ಕುಡಿಯುತ್ತೆ. ತಲೆ ಅಲ್ಲಾಡ್ಸಿದ್ದು ಕಾರಲ್ಲ, ಮೇಷ್ಟ್ರು. ಆ ಮೋಟ್ರು ಹೊಸ ಸೊಸೆ ಇದ್ದಂಗೆ. ಅದು ಗೇರ್ ಹಾಕೋವಾಗ ಹಿಂದೆ ನಿಂತು ಅವಸರ ಮಾಡ್ಬಾರ್ದು. ಮೇಷ್ಟ್ರು ಆವಾಗ್ಲೂ ಆಕ್ಸಿಲೇಟ್ರು ತುಳೀತಾನೇ ಇದ್ರು. ಇಂಜಿನ್ ಸದ್ದು ಕೇಳ್ಕೊಂಡು, ಗೇರ್ ಬೀಳೋ ಹೊತ್ತಿಗೆ ಬಲಗಾಲು ಚೂರು ಎತ್ತಿದ್ರೆ ಆಯ್ತು."

"ಏರಲ್ಲಿ ಹಿಂದಕ್ಕೆ ಜಾರಿದ್ದು?"

"ಹ್ಯಾಂಡ್ ಬ್ರೇಕ್ ಯಾಕಿಟ್ಟವ್ರೆ, ಬಟ್ಟೆ ಒಣಗಾಕಕ್ಕಾ?"

ನನಗೆ ನಂಬಿಕೆ ಬರಲಿಲ್ಲ. ಆದರೆ ಅಷ್ಟು ವರ್ಷ ಸದ್ದು ಕೇಳಿ ಗೇರ್ ಹಾಕಿದವರ ಮುಂದೆ ನನ್ನ ಹೊಟ್ಟೆಯ ಸಾಕ್ಷಿ ನಿಲ್ಲಲಿಲ್ಲ. ತೀರ್ಥೇಶನೇ ಕಡೂರಿನಲ್ಲಿ ಹಳದಿ ಬೋರ್ಡಿನ ಒಂದು ಏಎಂಟಿ ಕಾರು ಹುಡುಕಿದ. ಹಳೇ ಕಾರು ಕೊಟ್ಟು ಅದನ್ನು ತಂದರು. ಹಳೆಯದು ಹೋಗುವಾಗ ಇವರು ಅದರ ಗೇರಿನ ಹಿಡಿಯನ್ನು ಒಂದು ಸಲ ತಿಕ್ಕಿ ಒರೆಸಿದರು. ಅಮಾವಾಸ್ಯೆಗೆ ಹನ್ನೊಂದು ದಿನ ಉಳಿದಿತ್ತು.

ಹೊಸ ತೊಂದರೆ ಅವತ್ತೇ ಗೊತ್ತಾಯಿತು. ಬಲಗಾಲು ಹೇಳಿದ ಮಾತು ಕೇಳಿತು. ಎಡಗಾಲು ಕೇಳಲಿಲ್ಲ. ನೋವಿದ್ದರೂ ಎದ್ದು ಕ್ಲಚ್ ಹುಡುಕುತ್ತಿತ್ತು. ಕ್ಲಚ್ ಇಲ್ಲದ ಕಡೆ ಅದಕ್ಕೆ ಸಿಗುವುದು ಬ್ರೇಕು. ಕ್ಲಚ್ ಒತ್ತುವ ಹಾಗೆ ಪೂರ್ತಿ ಒತ್ತುತ್ತಿತ್ತು. ಕಾರು ಗಕ್ಕನೆ ನಿಲ್ಲುತ್ತಿತ್ತು. ಪಕ್ಕದ ಮನೆಯ ಯಲ್ಲಮ್ಮ, ನನಗಿಂತ ಹಿರಿಯಳು, ಹೊಸ ಕಾರು ಅಂತ ಹಿಂದೆ ಹತ್ತಿ ಕೂತಿದ್ದಳು. ಮುಂದಿನ ಸೀಟಿಗೆ ಮೂಗು ಬಡಿಸಿಕೊಂಡಳು. ಸಂಜೆ ಹೊತ್ತಿಗೆ ಊರೆಲ್ಲ ಅವಳದೇ ಮಾತು. "ಅವರ ಮನೇಲಿ ಹಸುನೂ ಒದೆಯುತ್ತೆ, ಕಾರೂ ಒದೆಯುತ್ತೆ ಕಣ್ರವ್ವಾ. ಹತ್ತೋಕೆ ಮುಂಚೆ ಕಾಲು ಕಟ್ಟಿದಾರಾ ನೋಡ್ಕೊಳ್ಳಿ."

ಈ ಮಾತು ಇವರ ಕಿವಿಗೂ ಬಿತ್ತು. ಸಿಟ್ಟಾಗುತ್ತಾರೆ ಅಂದುಕೊಂಡೆ. ಎದ್ದು ಕೊಟ್ಟಿಗೆಗೆ ಹೋದರು. ಹಾಲು ಕರೆಯುವಾಗ ಕೆಂಪಿಯ ಹಿಂಗಾಲಿಗೆ ಹಾಕುವ ಹಗ್ಗ ಗೂಟದಲ್ಲಿತ್ತು. ಅದನ್ನು ತೆಗೆದುಕೊಂಡು ಹಸುವಿನ ಮುಖಕ್ಕೆ ಹಿಡಿದು, "ಕಾಲು ನೀನು ಮುರಿದೆ. ಹಗ್ಗನಾದ್ರೂ ಕೊಡು" ಅಂದರು.

ತಮ್ಮ ಎಡಗಾಲನ್ನು ಸೀಟಿನ ಕೆಳಗಿನ ಕಬ್ಬಿಣಕ್ಕೆ ಕಟ್ಟು ಅಂತ ನನಗೆ ಹೇಳಿದರು.

"ತಲೆ ಕೆಟ್ಟೈತಾ? ರೋಡಲ್ಲಿ ಏನಾದ್ರೂ ಆದ್ರೆ ಇಳಿಯೋದು ಹೆಂಗೆ?"

"ರೋಡಿಗೆ ಹೋಗಲ್ಲ. ಖಾಲಿ ಹೊಲ ಐತಲ್ಲ."

ಕಟ್ಟಿದೆ. ಮಂಡಿಗೆ ನೋವಾಗದ ಹಾಗೆ, ಪಾದದ ಮೇಲೆ, ಎಳೆದರೆ ಬಿಚ್ಚುವ ಗಂಟು. ನಲವತ್ತು ವರ್ಷ ಹಸು ಕರೆದವಳಿಗೆ ಆ ಗಂಟು ಹೇಳಿಕೊಡಬೇಕಾಗಿಲ್ಲ. ರಾಗಿ ಕೊಯ್ದ ಹೊಲದಲ್ಲಿ ಇವರು ಸುತ್ತು ಹೊಡೆದರು. ನಾನು ಪಕ್ಕದಲ್ಲಿ. ಹಗ್ಗ ಎಳೆದಾಗಲೆಲ್ಲ "ಸುಮ್ನಿರಲೇ" ಅನ್ನುತ್ತಿದ್ದರು. ನನಗಲ್ಲ, ಕಾಲಿಗೆ. ಮೊದಲ ದಿನ ಇಪ್ಪತ್ತು ಮೂವತ್ತು ಸಲ ಎಳೆಯಿತು. ನಾಲ್ಕನೇ ದಿನ ಒಂದು ಸಲ. ಬದುವಿನ ಮೇಲೆ ಯಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಐದನೇ ದಿನ ಹಗ್ಗ ಬಿಚ್ಚಿ ಅಜ್ಜಂಪುರದ ರೋಡಿಗೆ ಬಂದೆವು. ಎರಡನೇ ಗೇರು ಬೀಳುವಾಗ ಬಲಗಾಲು ಚೂರು ಎತ್ತಿದರು. ನನ್ನ ತಲೆ ಅಲ್ಲಾಡಲಿಲ್ಲ. ಮೂರನೆಯದು ಬಿದ್ದದ್ದು ಸದ್ದಿನಿಂದ ಮಾತ್ರ ಗೊತ್ತಾಯಿತು. ರೈಲ್ವೆ ಗೇಟಿನ ಏರಿನಲ್ಲಿ ಬೇಕಂತಲೇ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಿಡಿದು ಮೆಲ್ಲಗೆ ಬಿಟ್ಟರು. ಜಾರಲಿಲ್ಲ.

"ಹೊಟ್ಟೆ ಏನಂತೈತೆ?"

"ಸುಮ್ನೈತೆ."

"ಮೇಷ್ಟ್ರಿಗೆ ಹೇಳ್ಬೇಕು," ಅಂದರು. ಹೇಳಿಯೂ ಬಂದರು. ಮೇಷ್ಟ್ರು ಒಂದು ತಿಂಗಳು ಮಾತು ಬಿಟ್ಟರು.

ಅಮಾವಾಸ್ಯೆ ದಿನ ನಾನೂ ಸ್ಟೇಷನ್ನಿಗೆ ಹೋದೆ. ಪೂಜೆಗೆ ಹೆಂಗಸರು ಹೋಗುವ ವಾಡಿಕೆಯಿಲ್ಲ. ಅವತ್ತು ಮಾತ್ರ ಮನೆಯಲ್ಲಿ ಕೂರಲಾಗಲಿಲ್ಲ. ನಾಲ್ಕು ಕಾರು ಸಾಲಾಗಿ ನಿಂತಿದ್ದವು. ದುಶ್ಯಂತನೂ ಕಾರು ತೊಳೆದು, ಹೂವಿನ ಹಾರ ಹಾಕಿ, ನೆರಳಿನ ಅಂಚಿನಲ್ಲಿ ನಿಲ್ಲಿಸಿದ್ದ. ನಮ್ಮ ಕಾರು ಬರುವುದನ್ನು ನೋಡಿ ಅವನ ಮುಖ ಇಳಿಯಿತು. ಇವರು ತಮ್ಮ ಜಾಗಕ್ಕೆ, ಐದನೆಯದಕ್ಕೆ, ತಂದು ನಿಲ್ಲಿಸಿದರು. ಮುಂದಿನ ಕಾರಿಗೂ ನಮ್ಮದಕ್ಕೂ ಎರಡು ಮೊಳ.

ದುಶ್ಯಂತ್ ಕಿಟಕಿಯೊಳಗೆ ಬಗ್ಗಿ ನೋಡಿದ. "ಏನಣ್ಣ, ಕ್ಲಚ್ಚೇ ಇಲ್ಲ? ಕಾಲಿಗೆ ಕೆಲ್ಸ ಇಲ್ದಿದ್ಮೇಲೆ ಅದು ಡ್ರೈವಿಂಗಾ? ಮಿಕ್ಸಿ ಥರ, ಗುಂಡಿ ತಿರುಗಿಸಿದ್ರೆ ಆಯ್ತು."

"ನಿಮ್ಮನೇಲಿ ಮಿಕ್ಸಿ ತಿರುಗ್ಸೋದು ಯಾರಪ್ಪಾ?"

"ನಮ್ಮಮ್ಮ."

"ಹೋಗಿ ಅವ್ರಿಗೆ ಹೇಳು, ಮಿಕ್ಸಿ ತಿರುಗ್ಸೋದು ಅಡುಗೆ ಅಲ್ಲ ಅಂತ. ಮಧ್ಯಾಹ್ನ ಊಟ ಹಾಕ್ತಾರಾ ನೋಡು."

ಎಲ್ಲರೂ ನಕ್ಕರು. ದುಶ್ಯಂತನೂ ನಕ್ಕ, ಆದರೆ ಅಲ್ಲಿಂದ ಕದಲಲಿಲ್ಲ. ಪೂಜೆಯಾಯಿತು, ಕರ್ಪೂರ ಹಚ್ಚಿದರು. ನಮ್ಮ ಕಾರಿನ ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಅದನ್ನು ಹಿಸುಕಿ ಕಾರು ಮುಂದಕ್ಕೆ ಹೋಗಿ ನಿಲ್ಲಬೇಕು. ಎರಡು ಮೊಳದೊಳಗೆ. ಎಡಗಾಲು ಹಳೇ ಚಾಳಿ ತೋರಿಸಿದರೆ ಕಾರು ಗಕ್ಕನೆ ನಿಂತು ಎಲ್ಲರೆದುರು ಮಾನ ಹೋಗುತ್ತದೆ. ಗಾಬರಿಯಲ್ಲಿ ಬಲಗಾಲು ಆಕ್ಸಿಲೇಟರ್ ಮೇಲೆ ಬಿದ್ದರೆ ಮುಂದಿನ ಕಾರಿನ ಹಿಂಭಾಗ ಹೋಗುತ್ತದೆ. ಆಮೇಲೆ ಜಾಗ ಕೇಳುವ ಬಾಯಿ ಇರುವುದಿಲ್ಲ. ನಾನು ತೆರೆದ ಬಾಗಿಲ ಪಕ್ಕ ನಿಂತು ಅವರ ಕಾಲನ್ನೇ ನೋಡುತ್ತಿದ್ದೆ.

ಬ್ರೇಕಿನಿಂದ ಬಲಗಾಲು ತೆಗೆದರು. ಬೇರೆ ಏನನ್ನೂ ಒತ್ತಲಿಲ್ಲ. ಕಾರು ತಾನೇ ತೆವಳಿತು. ಎಡಗಾಲು ಎದ್ದಿತು. ಇವರು ತೊಡೆಯ ಮೇಲೆ ಎಡಗೈ ಊರಿ ಅದನ್ನು ಕೂರಿಸಿದರು. ನಿಂಬೆಹಣ್ಣು ಪಟ್ ಪಟ್ ಅಂತ ಒಡೆದವು. ಬಲಗಾಲು ಬ್ರೇಕಿನ ಮೇಲೆ ಮೆಲ್ಲಗೆ ಕೂತಿತು. ಒಂದು ಗೇಣು ಉಳಿದಿತ್ತು.

"ಆಯ್ತು ಬಿಡ್ರಪ್ಪಾ, ಬಸಣ್ಣನ ಜಾಗ ಬಸಣ್ಣಂದೇ," ಅಂದರು ಮುಂದಿನ ಕಾರಿನವರು.

ಇವರು ಇಳಿದು, ಕೋಲು ಊರಿಕೊಂಡು ಮರದ ಸುತ್ತ ಒಂದು ಸಲ ನಡೆದರು. ನೆರಳು ನೋಡಿದರು. "ಮರ ಬೆಳೆದೈತೆ ಕಣ್ರೋ. ಐದು ಅಂತ ನಾನು ಹೇಳಿದಾಗ ಇದು ಇಷ್ಟಗಲ ಇರ್ಲಿಲ್ಲ. ಈಗ ಆರು ಹಿಡಿಯುತ್ತೆ." ದುಶ್ಯಂತನ ಕಡೆ ತಿರುಗಿ, "ಲೇ, ಬಿಸಿಲಲ್ಲಿ ಹೂವು ಬಾಡ್ತೈತೆ. ಗಾಡಿ ಒಳಗೆ ತಗಾ" ಅಂದರು. ದುಶ್ಯಂತ್ ಓಡಿ ಹೋಗಿ ಕಾರು ಹತ್ತಿದ. ಅವನ ಕಾರು ಎರಡು ಸಲ ಆಫ್ ಆಯಿತು. ಅವನದು ಕ್ಲಚ್ಚಿನ ಕಾರು.

ಅಷ್ಟರಲ್ಲಿ ರೈಲು ಬಂತು. ಗಂಡ, ಹೆಂಡತಿ, ಒಬ್ಬಳು ಅಜ್ಜಿ, ನಾಲ್ಕು ಬ್ಯಾಗು. ಅಜ್ಜಂಪುರಕ್ಕೆ ಅಂದರು. ಸರದಿ ಯಾರದಿತ್ತೋ ಗೊತ್ತಿಲ್ಲ, ಎಲ್ಲರೂ ಇವರ ಕಡೆ ಕೈ ತೋರಿಸಿದರು. ಇವರು ಬ್ಯಾಗು ಹಿಂದೆ ಹಾಕಿ, ಅಜ್ಜಿಯನ್ನು ಮುಂದೆ ಕೂರಿಸಿ, "ತಲೆ ಸುತ್ತುತ್ತಾ ಅಜ್ಜಿ? ನನ್ ಕಾರಲ್ಲಿ ಸುತ್ತಲ್ಲ" ಅಂತ ಹೇಳುತ್ತಾ ಹೊರಟರು. ಮೂಲೆ ತಿರುಗುವಾಗ ಹಾರ್ನ್ ಕೂಡ ಹೊಡೆದರು, ಎದುರಿಗೆ ಯಾರೂ ಇರಲಿಲ್ಲ.

ನಾನು ಪೂಜೆಯ ತಟ್ಟೆ ಹಿಡಿದುಕೊಂಡು ಮರದ ಕೆಳಗೇ ನಿಂತಿದ್ದೆ. ನನ್ನನ್ನು ಕರೆದುಕೊಂಡು ಬಂದದ್ದನ್ನು ಮರೆತೇ ಹೋಗಿದ್ದರು. ಸ್ವಲ್ಪ ಹೊತ್ತು ಕಾದು, ಬಸ್ಸು ಹತ್ತಿ ಮನೆಗೆ ಬಂದೆ. ದಾರಿಯಲ್ಲಿ ಎರಡು ಸಲ ವಾಂತಿಯಾಯಿತು. ಸಿಟ್ಟು ಮಾತ್ರ ಬರಲಿಲ್ಲ.